ಶಬ್ದಗಳ ನೆರೆಹೊರೆ

ನಿಘಂಟು ಒಂದು ವಿಚಿತ್ರವಾದ ಊರು. ಬೇರೆ ಊರುಗಳಲ್ಲಿ ಜನರು ಬಂಧುತ್ವವನ್ನೋ ಕಸುಬನ್ನೋ ಅನುಸರಿಸಿ ನೆರೆಹೊರೆಯಾಗುತ್ತಾರೆ. ಕುಂಬಾರರಿಗೆ ಒಂದು ಕೇರಿ, ನೇಕಾರರಿಗೆ ಒಂದು ಬೀದಿ. ನಿಘಂಟಿನಲ್ಲಿ ಮಾತ್ರ ಹೆಸರಿನ ಮೊದಲಕ್ಷರಗಳೇ ಮನೆಯ ಸ್ಥಳವನ್ನು ಗೊತ್ತುಮಾಡುತ್ತವೆ. ಆದುದರಿಂದ ಒಡಹುಟ್ಟಿದವರು ದೂರದೂರದ ಪುಟಗಳಲ್ಲಿ ವಾಸಮಾಡುವುದೂ, ಒಬ್ಬರನ್ನೊಬ್ಬರು ಕಂಡರಿಯದ ಪರದೇಶಿಗಳು ಒಂದೇ ಗೋಡೆಯ ಎರಡು ಬದಿಗಳಲ್ಲಿ ಸಂಸಾರ ಹೂಡುವುದೂ ಅಲ್ಲಿ ಸಾಮಾನ್ಯ. ಈ ಊರಿಗೆ ಹೊಸದಾಗಿ ಬಂದವನು ಅಕ್ಕಪಕ್ಕದ ಮನೆಯವರೆಲ್ಲ ಒಂದೇ ವಂಶದವರೆಂದು ತಿಳಿದರೆ ಅದು ಅವನ ತಪ್ಪಲ್ಲ. ಆದರೆ ಹಾಗೆಂದೇ ನಂಬಿ ಕುಳಿತುಬಿಟ್ಟರೆ ನಷ್ಟ ಅವನದೇ.

ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷಗಳ ಹಿಂದೆ ಇಂಥದೊಂದು ಸಂಗತಿ ನಡೆಯಿತು. ಅಲ್ಲಿ ಕನ್ನಡವನ್ನು ಬೋಧಿಸುತ್ತಿದ್ದ ಉಪಾಧ್ಯಾಯರೊಬ್ಬರು, ಇಂಗ್ಲಿಷ್ ಉಪಾಧ್ಯಾಯರು ರಜೆಯಲ್ಲಿದ್ದುದರಿಂದ, ಒಂದು ವಾರ ಆ ಪಾಠವನ್ನೂ ನೋಡಿಕೊಳ್ಳಬೇಕಾಯಿತು. ಆ ದಿನದ ಪಾಠದಲ್ಲಿ 'ಪ್ಯಾನಸೀಯ' ಎಂಬ ಕಠಿಣವಾದ ಶಬ್ದ ಬಂದಿತು. ಉಪಾಧ್ಯಾಯರಿಗೆ ಅದರ ಅರ್ಥ ತಿಳಿದಿತ್ತು. 'ಪ್ಯಾನ್' ಎಂದರೆ ಗ್ರೀಕ್ ಭಾಷೆಯಲ್ಲಿ 'ಎಲ್ಲ'. ಪ್ಯಾನಸೀಯ ಎಂದರೆ ಎಲ್ಲ ರೋಗಗಳನ್ನೂ ವಾಸಿಮಾಡುವ ಮದ್ದು ಎಂದು ಅವರು ವಿವರಿಸಿದರು. ವಿವರಣೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮಕ್ಕಳ ಕಣ್ಣಿನಲ್ಲಿ ಮೂಡಿದ ಬೆರಗನ್ನು ಕಂಡು ಅವರು ಒಂದು ಹೆಜ್ಜೆ ಮುಂದೆ ಹೋದರು. "ಇನ್ನು ಮುಂದೆ ಪಿ, ಎ, ಎನ್ ಎಂಬ ಮೂರು ಅಕ್ಷರಗಳಿಂದ ಆರಂಭವಾಗುವ ಯಾವ ಶಬ್ದವನ್ನು ಕಂಡರೂ ಅಲ್ಲಿ 'ಎಲ್ಲ' ಎಂಬ ಅರ್ಥವಿದೆಯೆಂದು ತಿಳಿಯಿರಿ" ಎಂದುಬಿಟ್ಟರು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಎದ್ದುನಿಂತ. ಸಾಮಾನ್ಯವಾಗಿ ಮಾತನಾಡದ ಹುಡುಗ ಅವನು. ಅದೇ ಪಾಠದ ಮುಂದಿನ ಪುಟದಲ್ಲಿ 'ಪ್ಯಾಂಟ್ರಿ' ಎಂಬ ಶಬ್ದವಿತ್ತು. ಮನೆಯಲ್ಲಿ ಆಹಾರಪದಾರ್ಥಗಳನ್ನು ಇಡುವ ಕೋಣೆ ಎಂದು ಅದರ ಅರ್ಥ. ಅಲ್ಲಿ 'ಎಲ್ಲ' ಹೇಗೆ ಬಂತು ಎಂದು ಅವನು ಕೇಳಿದ. ಉಪಾಧ್ಯಾಯರಿಗೆ ತಿಳಿದಿರಲಿಲ್ಲ. ಆದರೂ ಒಡನೆಯೇ, "ಎಲ್ಲ ಸಾಮಾನುಗಳನ್ನೂ ಇಡುವ ಕೋಣೆಯಲ್ಲವೆ? ಅದಕ್ಕಾಗಿ" ಎಂದರು. ಹುಡುಗ ಕೂರಲಿಲ್ಲ. "ಹಾಗಾದರೆ ಉಳಿದ 'ಟ್ರಿ' ಎಂದರೆ ಏನು, ಸಾರ್?" ಎಂದ. ತರಗತಿ ನಕ್ಕಿತು. ಉಪಾಧ್ಯಾಯರೂ ನಕ್ಕು, ಪಾಠ ಮುಂದೆ ಹೋಗಬೇಕೆಂದು ಹೇಳಿ, ಕೈಸನ್ನೆಯಿಂದ ಅವನನ್ನು ಕೂರಿಸಿದರು. ಹುಡುಗನ ಮುಖ ಕೆಂಪೇರಿತು. ಗಂಟೆ ಬಾರಿಸುವವರೆಗೂ ಅವನು ಪುಸ್ತಕದಿಂದ ತಲೆಯೆತ್ತಲಿಲ್ಲ.

ಆ ರಾತ್ರಿ ಉಪಾಧ್ಯಾಯರು ಮನೆಯಲ್ಲಿದ್ದ ಇಂಗ್ಲಿಷ್ ನಿಘಂಟನ್ನು ತೆರೆದರು. ಅಷ್ಟು ವರ್ಷಗಳಲ್ಲಿ ಅದನ್ನು ಅವರು ಅರ್ಥಕ್ಕಾಗಿ ತೆರೆದಿದ್ದರೇ ಹೊರತು ಶಬ್ದದ ಹುಟ್ಟನ್ನು ತಿಳಿಯಲು ತೆರೆದಿರಲಿಲ್ಲ. ಪ್ರತಿಯೊಂದು ಶಬ್ದದ ಕೊನೆಯಲ್ಲಿ ಆವರಣದೊಳಗೆ ಸಣ್ಣ ಅಕ್ಷರಗಳಲ್ಲಿ ಅದರ ಮೂಲವನ್ನು ಮುದ್ರಿಸಿದ್ದರು. 'ಪ್ಯಾಂಟ್ರಿ' ಶಬ್ದದ ಮುಂದೆ ಗ್ರೀಕ್ ಇರಲಿಲ್ಲ, 'ಎಲ್ಲ'ವೂ ಇರಲಿಲ್ಲ. ಅದು ಹಳೆಯ ಫ್ರೆಂಚ್ ಭಾಷೆಯಿಂದ ಬಂದಿತ್ತು. ಅದರ ಮೂಲ ಲ್ಯಾಟಿನ್ ಭಾಷೆಯ 'ಪಾನಿಸ್'. ಪಾನಿಸ್ ಎಂದರೆ ರೊಟ್ಟಿ. ರೊಟ್ಟಿಯನ್ನು ಇಡುವ, ರೊಟ್ಟಿಯ ಉಸ್ತುವಾರಿ ನಡೆಯುವ ಕೋಣೆಯೇ ಪ್ಯಾಂಟ್ರಿ. ಹುಡುಗ ಕೇಳಿದ 'ಟ್ರಿ' ಎಂಬುದು ಬೇರೆ ಶಬ್ದವೇ ಅಲ್ಲ. ರೊಟ್ಟಿಯ ಶಬ್ದಕ್ಕೆ ಹತ್ತಿದ ಬಾಲ ಸವೆದು ಉಳಿದ ತುಂಡು. ಒಂದು ಶಬ್ದವನ್ನು ಒಡೆದು ನೋಡುವವನು ಮೊದಲ ತುಂಡಿಗೆ ಅರ್ಥ ಹೇಳಿದರೆ ಸಾಲದು, ಉಳಿದ ತುಂಡಿಗೂ ಲೆಕ್ಕ ಕೊಡಬೇಕು. ಶಬ್ದಮೂಲವನ್ನು ಹುಡುಕುವ ಶಾಸ್ತ್ರದ ಮೊದಲ ನಿಯಮವೇ ಇದು. ಆ ನಿಯಮ ತರಗತಿಯಲ್ಲಿ ಆ ಹುಡುಗನೊಬ್ಬನಿಗೆ ಮಾತ್ರ ಹೊಳೆದಿತ್ತು.

ಕನ್ನಡದ ಉಪಾಧ್ಯಾಯರಾಗಿದ್ದ ಅವರಿಗೆ ಇದು ಹೊಳೆಯಬೇಕಾಗಿತ್ತು. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು ಎಂಬ ಪದಗಳಲ್ಲಿ 'ಹಿರಿದು' ಎಂಬ ಅರ್ಥವಿದೆಯೆಂದು ಅವರು ಪ್ರತಿವರ್ಷ ಸಮಾಸದ ಪಾಠದಲ್ಲಿ ಹೇಳುತ್ತಿದ್ದರು. ಹಾಗೆಂದು ಹೆಸರು ಎಂದರೆ ಹಿರಿದಾದ ಸರವೆಂದು ಯಾರಾದರೂ ಹೇಳಿದರೆ ಅವರೇ ಮೊದಲು ನಗುತ್ತಿದ್ದರು. ತನ್ನ ಭಾಷೆಯಲ್ಲಿ ಮಾಡದ ತಪ್ಪನ್ನು ಮನುಷ್ಯ ಪರಭಾಷೆಯಲ್ಲಿ ಸುಲಭವಾಗಿ ಮಾಡುತ್ತಾನೆ. ಅಲ್ಲಿ ಅವನಿಗೆ ಮನೆಗಳ ಬಾಗಿಲು ಮಾತ್ರ ಕಾಣುತ್ತದೆ, ಒಳಗಿನ ಜನ ಕಾಣುವುದಿಲ್ಲ.

ಅವರು ನಿದ್ರೆಯನ್ನು ಮರೆತು ಆ ಮೂರು ಅಕ್ಷರಗಳ ಬೀದಿಯಲ್ಲಿ ಮನೆಮನೆಗೂ ಹೋಗಿ ವಿಚಾರಿಸತೊಡಗಿದರು. 'ಪ್ಯಾನಿಕ್' ಎಂದರೆ ದಿಗಿಲು, ಗಾಬರಿ. ಎಲ್ಲರೂ ಒಟ್ಟಿಗೆ ಹೆದರುವುದರಿಂದ ಆ ಹೆಸರು ಬಂದಿರಬೇಕೆಂದು ತೋರುತ್ತದೆ. ಆದರೆ ಅದು ಪ್ಯಾನ್ ಎಂಬ ಗ್ರೀಕ್ ದೇವತೆಯ ಹೆಸರಿನಿಂದ ಹುಟ್ಟಿದ ಶಬ್ದ. ಆಡಿನ ಕಾಲು, ಆಡಿನ ಕೊಂಬುಗಳುಳ್ಳ ಈ ದೇವತೆ ಆರ್ಕೇಡಿಯ ಎಂಬ ಬೆಟ್ಟದ ಸೀಮೆಯ ಕುರುಬರ ದೈವ. ನಿರ್ಜನವಾದ ಕಾಡಿನಲ್ಲಿ ಕಾರಣವಿಲ್ಲದೆ ಮಂದೆಗೂ ಮನುಷ್ಯನಿಗೂ ಹುಟ್ಟುವ ಹೆದರಿಕೆಗೆ ಇವನೇ ಕಾರಣವೆಂದು ಗ್ರೀಕರು ನಂಬಿದ್ದರು. ಕ್ರಿ. ಪೂ. ೪೯೦ರಲ್ಲಿ ಮ್ಯಾರಥಾನ್ ಯುದ್ಧಕ್ಕೆ ಮುಂಚೆ ಅಥೆನ್ಸಿನ ಓಟಗಾರನೊಬ್ಬನಿಗೆ ಈ ದೇವತೆ ದಾರಿಯಲ್ಲಿ ಕಾಣಿಸಿಕೊಂಡನೆಂದೂ, ಗೆಲುವಿನ ಬಳಿಕ ಅಥೆನ್ಸಿನವರು ಅವನಿಗೆ ಗುಡಿಯನ್ನು ಸಮರ್ಪಿಸಿದರೆಂದೂ ಹೆರೊಡೊಟಸ್ ಎಂಬ ಚರಿತ್ರಕಾರ ಬರೆದಿದ್ದಾನೆ. ಸ್ವಾರಸ್ಯವೆಂದರೆ, ಸ್ವತಃ ಗ್ರೀಕರೇ ಈ ದೇವತೆಯ ಹೆಸರನ್ನು 'ಎಲ್ಲ' ಎಂಬ ಶಬ್ದದೊಡನೆ ಬೆರೆಸಿ, ಎಲ್ಲ ದೇವತೆಗಳನ್ನೂ ಸಂತೋಷಪಡಿಸಿದವನಾದುದರಿಂದ ಈ ಹೆಸರೆಂದು ಕಥೆ ಕಟ್ಟಿದ್ದರು. ಅದು ಮಂದೆ ಮೇಯಿಸುವ ಅರ್ಥದ ಬೇರಿನಿಂದ ಬಂದಿರಬಹುದೆಂದು ಈಚಿನ ವಿದ್ವಾಂಸರು ಊಹಿಸುತ್ತಾರೆ. ಅವರಲ್ಲಿ ಕೆಲವರು ಆಡುಗಳ ರಥವನ್ನೇರುವ ವೇದದ ಪೂಷನ್ ದೇವತೆಯೊಡನೆ ಅವನ ನಂಟನ್ನು ಹೇಳಿದ್ದಾರೆ. ಎಲ್ಲರೂ ಅದನ್ನು ಒಪ್ಪಿಲ್ಲ. ಒಟ್ಟಿನಲ್ಲಿ ಉಪಾಧ್ಯಾಯರು ಮಾಡಿದ ತಪ್ಪು ಎರಡೂವರೆ ಸಾವಿರ ವರ್ಷ ಹಳೆಯದು.

ಮುಂದಿನ ಮನೆಗಳಲ್ಲಿ ಇನ್ನೂ ವಿಚಿತ್ರವಾದ ಒಕ್ಕಲುಗಳಿದ್ದುವು. 'ಪ್ಯಾಂಗೊಲಿನ್' ಎಂದರೆ ಚಿಪ್ಪುಹಂದಿ. ಸುರುಳಿ ಸುತ್ತಿಕೊಳ್ಳುವುದು ಎಂಬ ಅರ್ಥದ ಮಲಯ ಭಾಷೆಯ ಶಬ್ದ ಅದು. ಶತ್ರುವನ್ನು ಕಂಡೊಡನೆ ಆ ಪ್ರಾಣಿ ಚೆಂಡಿನಂತೆ ಸುತ್ತಿಕೊಳ್ಳುವುದೇ ಹೆಸರಿಗೆ ಕಾರಣ. 'ಪ್ಯಾನ್ಸಿ' ಎಂಬ ಹೂವು ಫ್ರೆಂಚ್ ಭಾಷೆಯಿಂದ ಬಂದಿದೆ. ಆ ಭಾಷೆಯಲ್ಲಿ ಅದರ ಅರ್ಥ 'ಆಲೋಚನೆ'. 'ಪ್ಯಾನೆಲ್' ಎಂಬುದು ಲ್ಯಾಟಿನ್ ಭಾಷೆಯ ಬಟ್ಟೆಯ ತುಂಡು. 'ಪನಾಶ್' ಎಂಬ ಠೀವಿ, ಶಿರಸ್ತ್ರಾಣದ ಮೇಲೆ ಸಿಕ್ಕಿಸುವ ಗರಿಯ ಕುಚ್ಚು. ಇವುಗಳ ನಡುವೆಯೇ ಭಾರತದಿಂದ ಹೋದ ಪಂಡಿತನೂ ಪಂಚಾಯಿತಿಯೂ ಮನೆಮಾಡಿಕೊಂಡಿದ್ದಾರೆ. ಸಂಸ್ಕೃತದ 'ಪಂಚ' ಅಲ್ಲಿ ಗ್ರೀಕಿನ 'ಎಲ್ಲ'ದ ಪಕ್ಕದ ಮನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅಕ್ಷರಗಳಿಗೂ ಸಲ್ಲುತ್ತದೆ.

ಶಬ್ದಗಳ ಈ ಜಾತಕಗಳು ತಾವಾಗಿ ಸಿದ್ಧವಾದವುಗಳಲ್ಲ. ಆಕ್ಸ್‌ಫರ್ಡ್ ಮಹಾನಿಘಂಟಿಗೆ ೧೮೭೯ರಲ್ಲಿ ಸಂಪಾದಕರಾದ ಜೇಮ್ಸ್ ಮರೆ ಸ್ಕಾಟ್ಲೆಂಡಿನವರು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು, ಬಳಿಕ ಶಾಲಾ ಉಪಾಧ್ಯಾಯರಾಗಿ ಬದುಕಿದವರು. ಹಳೆಯ ಗ್ರಂಥಗಳಿಂದ ಶಬ್ದಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಬೇಕೆಂದು ಅವರು ಸಾರ್ವಜನಿಕರನ್ನು ಕೇಳಿಕೊಂಡರು. ಲಕ್ಷಾಂತರ ಚೀಟಿಗಳು ಬಂದು ಸೇರಿದುವು. ಪ್ರತಿಯೊಂದು ಶಬ್ದವೂ ಯಾವ ವರ್ಷ, ಯಾವ ಗ್ರಂಥದಲ್ಲಿ, ಯಾವ ಅರ್ಥದಲ್ಲಿ ಬಂದಿದೆಯೆಂದು ಸಾಕ್ಷ್ಯಸಮೇತ ತೋರಿಸುವುದು ಅವರ ಸಂಕಲ್ಪ. ಊಹೆಗೆ ಅಲ್ಲಿ ಸ್ಥಳವಿರಲಿಲ್ಲ. ಮೊದಲ ಸಂಚಿಕೆ ೧೮೮೪ರಲ್ಲಿ ಹೊರಬಂದಿತು. ನಾಲ್ಕು ಲಕ್ಷಕ್ಕೂ ಮಿಕ್ಕ ಶಬ್ದಗಳ ಆ ಕೆಲಸ ಮುಗಿದದ್ದು ೧೯೨೮ರಲ್ಲಿ. ಮರೆ ೧೯೧೫ರಲ್ಲಿಯೇ ತೀರಿಕೊಂಡಿದ್ದರು. 'ಪಿ' ಅಕ್ಷರದ ಭಾಗ ಅವರೇ ಸಂಪಾದಿಸಿದ್ದು.

ಆ ಭಾಗದಲ್ಲಿ ನಿಜವಾಗಿಯೂ 'ಎಲ್ಲ' ಎಂಬ ಅರ್ಥವುಳ್ಳ ಗ್ರೀಕ್ ಮನೆತನದವರೂ ಬೇಕಾದಷ್ಟು ಇದ್ದಾರೆ. ಅವರದು ದೊಡ್ಡ ಮನೆತನ. ಅದಕ್ಕೆ ತಕ್ಕಂತೆ ಆಸೆಗಳೂ ದೊಡ್ಡವು. ಪ್ಯಾನಸೀಯ ಮೂಲತಃ ವೈದ್ಯದೇವತೆಯಾದ ಆಸ್ಕ್ಲೀಪಿಯಸನ ಮಗಳ ಹೆಸರು. ವೈದ್ಯರು ಪ್ರತಿಜ್ಞೆ ಸ್ವೀಕರಿಸುವಾಗ ಹೆಸರಿಸುತ್ತಿದ್ದ ದೇವತೆಗಳಲ್ಲಿ ಇವಳೂ ಒಬ್ಬಳು. ಎಲ್ಲ ರೋಗಗಳಿಗೂ ಒಂದೇ ಮದ್ದನ್ನು ಮನುಷ್ಯ ಇಂದಿಗೂ ಕಂಡುಹಿಡಿದಿಲ್ಲ. ಅದಕ್ಕೆ ಬದಲಾಗಿ ಎಲ್ಲ ಜನರನ್ನೂ ಆವರಿಸುವ ರೋಗ ಎಂಬ ಅರ್ಥದ 'ಪ್ಯಾಂಡೆಮಿಕ್' ಎಂಬ ಶಬ್ದವನ್ನು ೨೦೨೦ರ ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ರೋಗಕ್ಕೆ ಬಳಸಿದಾಗ ಲೋಕವೆಲ್ಲ ಕಲಿತುಕೊಂಡಿತು. 'ಪ್ಯಾನೊಪ್ಲಿ' ಎಂದರೆ ಗುರಾಣಿ, ಶಿರಸ್ತ್ರಾಣ, ಕವಚ, ಭರ್ಜಿಗಳೆಲ್ಲ ಕೂಡಿದ ಗ್ರೀಕ್ ಯೋಧನ ಸಮಗ್ರ ಸನ್ನಾಹ. 'ಪ್ಯಾನಿಜಿರಿಕ್' ಎಂದರೆ ಎಲ್ಲರೂ ಸೇರಿದ ಉತ್ಸವದಲ್ಲಿ ಮಾಡುವ ಹೊಗಳಿಕೆಯ ಭಾಷಣ. ಈಗ ಬರಿಯ ಹೊಗಳಿಕೆ. 'ಪ್ಯಾಂಡಿಮೋನಿಯಂ' ಎಂಬುದು ಕುರುಡನಾಗಿದ್ದ ಕವಿ ಮಿಲ್ಟನ್ ೧೬೬೭ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯದಲ್ಲಿ ನರಕದ ರಾಜಧಾನಿಗೆ ಇಟ್ಟ ಹೆಸರು. ಎಲ್ಲ ಪಿಶಾಚಿಗಳೂ ಸೇರುವ ಸಭಾಭವನ. ಆ ಭವನದ ವೈಭವವನ್ನು ಮರೆತ ಜನ ಅದರ ಗದ್ದಲವನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಂಡಿದ್ದಾರೆ.

ಈ ಮನೆತನಕ್ಕೆ ಸೇರಿದ ಕೆಲವು ಶಬ್ದಗಳು ಕಟ್ಟಡಗಳಾಗಿಯೂ ಎದ್ದು ನಿಂತುವು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ಎಡಿನ್‌ಬರೊ ನಗರವನ್ನು ಸುತ್ತಲೂ ಕಾಣುವಂತೆ ದುಂಡಗಿನ ಗೋಡೆಯ ಮೇಲೆ ಬಿಡಿಸುವ ಉಪಾಯವನ್ನು ಕಂಡು, ೧೭೮೭ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. 'ಎಲ್ಲ ನೋಟ' ಎಂಬ ಅರ್ಥದ 'ಪ್ಯಾನೊರಾಮ' ಅದರ ಹೆಸರಾಯಿತು. ೧೭೯೩ರಲ್ಲಿ ಲಂಡನ್ನಿನಲ್ಲಿ ಅದಕ್ಕಾಗಿಯೇ ಒಂದು ದುಂಡು ಭವನವನ್ನು ತೆರೆದರು. ಜೆರೆಮಿ ಬೆಂಥಮ್ ಎಂಬ ತತ್ತ್ವಜ್ಞಾನಿ ೧೭೯೧ರಲ್ಲಿ 'ಪ್ಯಾನಾಪ್ಟಿಕನ್' ಎಂಬ ಸೆರೆಮನೆಯ ನಕ್ಷೆಯನ್ನು ಪ್ರಕಟಿಸಿದ. ನಡುವಣ ಗೋಪುರದಲ್ಲಿ ಒಬ್ಬನೇ ಕಾವಲುಗಾರ. ಸುತ್ತಲಿನ ಕೋಣೆಗಳ ಕೈದಿಗಳೆಲ್ಲರೂ ಅವನ ಕಣ್ಣಿಗೆ ಬೀಳುವರು, ಅವನು ಮಾತ್ರ ಅವರಿಗೆ ಕಾಣನು. ಎರಡು ದಶಕಗಳ ಹೋರಾಟದ ಬಳಿಕ ಸರ್ಕಾರ ಯೋಜನೆಯನ್ನು ಕೈಬಿಟ್ಟು, ೧೮೧೩ರಲ್ಲಿ ಅವನಿಗೆ ೨೩,೦೦೦ ಪೌಂಡುಗಳ ಪರಿಹಾರವನ್ನು ಕೊಟ್ಟಿತು. ೧೮೩೦ರ ಸುಮಾರಿಗೆ ಲಂಡನ್ನಿನಲ್ಲಿ 'ಪ್ಯಾಂಟೆಕ್ನಿಕನ್' ಎಂಬ ಭವನವೊಂದು ಎದ್ದಿತು. 'ಎಲ್ಲ ಕಲೆಗಳಿಗೂ ಸೇರಿದ್ದು' ಎಂದು ಅದರ ಅರ್ಥ. ಸಕಲ ಕಲಾವಸ್ತುಗಳ ಮಳಿಗೆಯಾಗಬೇಕೆಂಬುದು ಉದ್ದೇಶ. ಆದರೆ ಅದು ಜನರು ಮೇಜು ಕುರ್ಚಿಗಳನ್ನು ಬಾಡಿಗೆಗೆ ಇಟ್ಟುಹೋಗುವ ಉಗ್ರಾಣವಾಯಿತು. ಬೆಂಕಿ ತಗಲದ ಕಟ್ಟಡವೆಂದು ಹೆಸರಾಗಿದ್ದರೂ ೧೮೭೪ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಂಗ್ಲೆಂಡಿನಲ್ಲಿ ಆ ಹೆಸರು ಮನೆಸಾಮಾನು ಸಾಗಿಸುವ ದೊಡ್ಡ ಬಂಡಿಗೆ ಅಂಟಿಕೊಂಡು ಉಳಿಯಿತು.

ಯಾವ ಮನೆತನಕ್ಕೂ ಸೇರದೆ ಕೇವಲ ವೇಷದಿಂದ ಒಳಹೊಕ್ಕವನೂ ಅಲ್ಲಿ ಒಬ್ಬನಿದ್ದಾನೆ. ಚಾರ್ಲ್ಸ್ ಮ್ಯಾಕ್ಲಿನ್ ಎಂಬ ನಟ, ತಾನು ಒಮ್ಮೆ ಕೇಳಿದ ಯಾವ ಮಾತನ್ನಾದರೂ ಹಾಗೆಯೇ ಒಪ್ಪಿಸಬಲ್ಲೆನೆಂದು ಕೊಚ್ಚಿಕೊಂಡನಂತೆ. ಅವನನ್ನು ಪರೀಕ್ಷಿಸಲು ಸ್ಯಾಮ್ಯುಅಲ್ ಫುಟ್ ಎಂಬ ಇನ್ನೊಬ್ಬ ನಟ ೧೭೫೫ರ ಸುಮಾರಿನಲ್ಲಿ ಅರ್ಥವಿಲ್ಲದ ಮಾತುಗಳ ಒಂದು ಕಂತೆಯನ್ನು ಹೊಸೆದನೆಂದು ಪ್ರತೀತಿ. ಅದರಲ್ಲಿ ಬಂದ 'ಪ್ಯಾಂಜ್ಯಾಂಡ್ರಮ್' ಎಂಬ ಸದ್ದಿಗೆ ಬೇರೂ ಇಲ್ಲ, ಮೂಲವೂ ಇಲ್ಲ. ತನ್ನನ್ನು ತಾನೇ ಬಹಳ ದೊಡ್ಡವನೆಂದು ತಿಳಿದ ಅಧಿಕಾರಿ ಎಂಬ ಅರ್ಥ ಅದಕ್ಕೆ ಆಮೇಲೆ ಬಂದಿತು.

ಇಷ್ಟೆಲ್ಲ ದೊಡ್ಡ ಹೆಸರುಗಳ ನಡುವೆ ರೊಟ್ಟಿಯ ಸಂಸಾರ ಚಿಕ್ಕದು. ಪ್ಯಾಂಟ್ರಿಯ ಸೋದರಿ 'ಪ್ಯಾನಿಯರ್', ಕತ್ತೆಯ ಬೆನ್ನಿನ ಎರಡು ಪಕ್ಕಗಳಲ್ಲಿ ತೂಗುಬಿಡುವ ಬುಟ್ಟಿ. ಮೊದಲು ಅದು ರೊಟ್ಟಿಯ ಬುಟ್ಟಿಯಾಗಿತ್ತು. ಅದೇ ಲ್ಯಾಟಿನ್ ರೊಟ್ಟಿ ಪೋರ್ಚುಗೀಸರ ಬಾಯಿಯಲ್ಲಿ ಹಡಗನ್ನೇರಿ ಭಾರತದ ಪಶ್ಚಿಮ ಕರಾವಳಿಗೆ ಬಂದು 'ಪಾವ್' ಆಯಿತು. ಆದರೆ ಈ ಸಂಸಾರದ ಶ್ರೇಷ್ಠವಾದ ಕುಡಿ ನಿಘಂಟಿನಲ್ಲಿ ಬಹು ದೂರದಲ್ಲಿ, 'ಸಿ' ಅಕ್ಷರದಲ್ಲಿದೆ. 'ಕಂಪ್ಯಾನಿಯನ್' ಎಂದರೆ ಸಂಗಾತಿ. ಒಡೆದು ನೋಡಿದರೆ, ಒಟ್ಟಿಗೆ ರೊಟ್ಟಿ ಉಣ್ಣುವವನು. 'ಕಂಪೆನಿ' ಎಂಬುದೂ ಅದರ ಬಳಗವೇ. ಒಂದೇ ಅಡುಗೆಯನ್ನು ಉಂಡು ಊರಿಂದೂರಿಗೆ ಅಲೆಯುತ್ತಿದ್ದ ನಾಟಕ ಕಂಪೆನಿಗಳಿಗೆ ಆ ಹೆಸರು ಎಷ್ಟು ಒಪ್ಪುತ್ತದೆ! ೧೬೦೦ರಲ್ಲಿ ಸನ್ನದು ಪಡೆದು ಭಾರತಕ್ಕೆ ಬಂದ ಈಸ್ಟ್ ಇಂಡಿಯಾ ಕಂಪೆನಿಯೂ ಅದೇ ಹೆಸರನ್ನು ಹೊತ್ತಿತ್ತು. ಆದರೆ ಅದು ಇಲ್ಲಿಯ ಜನರೊಡನೆ ರೊಟ್ಟಿಯನ್ನು ಹಂಚಿಕೊಂಡು ಉಣ್ಣಲಿಲ್ಲ. ಶಬ್ದದ ಮೂಲ ಎಷ್ಟೇ ಒಳ್ಳೆಯದಾದರೂ ಅದನ್ನು ಉಳಿಸಿಕೊಳ್ಳುವುದೂ ಕಳೆದುಕೊಳ್ಳುವುದೂ ಹೆಸರು ಹೊತ್ತವರ ನಡತೆಗೆ ಸೇರಿದ್ದು.

ಉಪಾಧ್ಯಾಯರು ನಿಘಂಟನ್ನು ಮುಚ್ಚಿದಾಗ ರಾತ್ರಿ ಬಹಳವಾಗಿತ್ತು. ಶಬ್ದದ ಸಂದೇಹ ತೀರಿತ್ತು, ಇನ್ನೊಂದು ಉಳಿದಿತ್ತು. ತಾವು ಹೇಳಿದ್ದು ತಪ್ಪೆಂದು ತರಗತಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಯುವ ಸಂಭವವೂ ಇರಲಿಲ್ಲ. ಪರೀಕ್ಷೆಗೆ ಆ ಶಬ್ದ ಬರುವಂತಿರಲಿಲ್ಲ. ಎರಡು ದಿನಗಳಲ್ಲಿ ಇಂಗ್ಲಿಷ್ ಉಪಾಧ್ಯಾಯರು ರಜೆಯಿಂದ ಮರಳುವವರಿದ್ದರು. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನಲವತ್ತು ಮಕ್ಕಳು ತಪ್ಪು ನಿಯಮವೊಂದನ್ನು ಬಾಳಿನುದ್ದಕ್ಕೂ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಸರಿಯಾದ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ನಗೆಗೀಡಾದ ಒಬ್ಬ ಹುಡುಗ ಇನ್ನು ಯಾವ ಪ್ರಶ್ನೆಯನ್ನೂ ಕೇಳದೆ ಇದ್ದುಬಿಡುತ್ತಿದ್ದ.

ಮರುದಿನ ಅವರು ಕಪ್ಪುಹಲಗೆಯ ಮೇಲೆ 'ಪ್ಯಾಂಟ್ರಿ' ಎಂದು ಬರೆದರು. "ನಿನ್ನೆ ನಾನು ಹೇಳಿದ್ದು ತಪ್ಪು. ನನಗೆ ತಿಳಿದಿರಲಿಲ್ಲ, ತಿಳಿಯದೆಂದು ಹೇಳಲು ನಾಚಿಕೆಪಟ್ಟು ಊಹೆಯನ್ನು ಹೇಳಿದೆ. ಇವನು ಕೇಳಿದ ಪ್ರಶ್ನೆ ಸರಿಯಾಗಿತ್ತು" ಎಂದರು. ಬಳಿಕ ಹುಡುಗನನ್ನು ಮುಂದಕ್ಕೆ ಕರೆದು ನಿಘಂಟನ್ನು ಅವನ ಕೈಗೆ ಕೊಟ್ಟು, ಆವರಣದೊಳಗಿನ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿಸಿದರು. ಆ ದಿನ ತರಗತಿಯಲ್ಲಿ ಯಾರೂ ನಗಲಿಲ್ಲ. ಹುಡುಗ ಓದಿ ಮುಗಿಸಿ, ಪುಸ್ತಕವನ್ನು ಹಿಂದಕ್ಕೆ ಕೊಡುವ ಮೊದಲು, ಪಕ್ಕದ ಶಬ್ದದ ಮೂಲವನ್ನೂ ಓದಲೇ ಎಂದು ಕೇಳಿದ.

ಇಂಥ ಒಪ್ಪಿಗೆಗೆ ಹಿರಿಯ ಮಾದರಿಯೊಂದಿದೆ. ಸ್ಯಾಮ್ಯುಅಲ್ ಜಾನ್ಸನ್ ೧೭೫೫ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಇಂಗ್ಲಿಷ್ ನಿಘಂಟಿನಲ್ಲಿ 'ಪಾಸ್ಟರ್ನ್' ಎಂಬ ಶಬ್ದಕ್ಕೆ ಕುದುರೆಯ ಮೊಣಕಾಲು ಎಂದು ಅರ್ಥ ಬರೆದಿದ್ದ. ನಿಜವಾಗಿ ಅದು ಗೊರಸಿನ ಮೇಲಿನ ಭಾಗ. ಹೀಗೇಕೆ ಬರೆದಿರೆಂದು ಮಹಿಳೆಯೊಬ್ಬಳು ಕೇಳಿದಾಗ, ದೊಡ್ಡದೊಂದು ಸಮಾಧಾನವನ್ನು ಹೇಳುವನೆಂದು ಅವಳು ನಿರೀಕ್ಷಿಸಿದ್ದಳು. ಅಜ್ಞಾನವೇ ಅದಕ್ಕೆ ಕಾರಣವೆಂದು ಜಾನ್ಸನ್ ಒಪ್ಪಿಕೊಂಡನೆಂದು ಅವನ ಚರಿತ್ರೆಯನ್ನು ಬರೆದ ಬಾಸ್ವೆಲ್ ತಿಳಿಸಿದ್ದಾನೆ. ಆ ಉತ್ತರದಿಂದ ನಿಘಂಟಿನ ಬೆಲೆ ಕಡಮೆಯಾಗಲಿಲ್ಲ. ತಿಳಿಯದುದನ್ನು ತಿಳಿಯದೆಂದು ಹೇಳುವವನ ಬಾಯಿಂದ ಬಂದ ಉಳಿದ ಮಾತುಗಳನ್ನು ಜನರು ಹೆಚ್ಚಾಗಿಯೇ ನಂಬುತ್ತಾರೆ.

ಆ ಉಪಾಧ್ಯಾಯರು ಅಂದಿನಿಂದ ಮೇಜಿನ ಮೇಲೆ ಒಂದು ಸಣ್ಣ ಟಿಪ್ಪಣಿಪುಸ್ತಕವನ್ನು ಇಟ್ಟುಕೊಂಡರು. ತರಗತಿಯಲ್ಲಿ ಮಕ್ಕಳು ಕೇಳಿ, ತಮಗೆ ಉತ್ತರ ತಿಳಿಯದೆಹೋದ ಶಬ್ದಗಳನ್ನು ಅದರಲ್ಲಿ ಬರೆದುಕೊಂಡು, ಮರುದಿನ ಉತ್ತರವನ್ನು ತರುವುದು ಅವರ ರೂಢಿಯಾಯಿತು. ಅವರು ನಿವೃತ್ತರಾಗುವ ವೇಳೆಗೆ ಅಂಥ ಪುಸ್ತಕಗಳು ಹಲವು ತುಂಬಿದ್ದುವು. ಮೊದಲನೆಯ ಪುಸ್ತಕದ ಮೊದಲನೆಯ ಪುಟದಲ್ಲಿ ಒಂದೇ ಶಬ್ದವಿತ್ತು: ಪ್ಯಾಂಟ್ರಿ.